ಹುಲಿ, ಚಿರತೆ, ಕೆನ್ನಾಯಿಗೆ ಹೊತ್ತು ಗೊತ್ತು ಮಾಡುವುದು: ಕಬಿನಿ, ಬಂಡೀಪುರ ಸಫಾರಿಗೆ ಹೊರಟವರಿಗೆ

ಸಫಾರಿಗೆ ಸೀಟು ಕಾದಿರಿಸುವಾಗ ಎಲ್ಲರೂ ಕೇಳುವ ಪ್ರಶ್ನೆ ಒಂದೇ. ಬೆಳಗ್ಗೆ ಹೋಗುವುದು ಒಳ್ಳೆಯದೋ, ಸಂಜೆ ಹೋಗುವುದೋ? ಇದಕ್ಕೆ ಉತ್ತರ ಹೇಳುವ ಮುಂಚೆ ಎರಡು ವಿಷಯ ತಿಳಿಯಬೇಕು: ಯಾವ ತಿಂಗಳು, ಯಾವ ಪ್ರಾಣಿ. ಜನವರಿಯಲ್ಲಿ ಹುಲಿ ನೋಡಲು ಬೆಳಗಿನ ಸಫಾರಿ ಮೇಲು. ಏಪ್ರಿಲ್‌ನಲ್ಲಿ ಅದೇ ಹುಲಿಗೆ ಮಧ್ಯಾಹ್ನ ಮೂರರ ಸಫಾರಿ ಮೇಲು. ಕೆನ್ನಾಯಿಗಾದರೆ (ಸೀಳುನಾಯಿ ಎಂದೂ ಕರೆಯುತ್ತಾರೆ) ವರ್ಷದ ಬಹುಪಾಲು ಬೆಳಗ್ಗೆಯೇ. ಚಿರತೆಯ ಲೆಕ್ಕವೇ ಬೇರೆ.

ಇಲ್ಲಿ ಹೇಳುವುದೆಲ್ಲ ಅರಣ್ಯ ಇಲಾಖೆಯ ಅನುಮತಿ ಇರುವ ವಾಹನದಲ್ಲಿ, ಗೊತ್ತುಪಡಿಸಿದ ದಾರಿಯಲ್ಲಿ, ಕಣ್ಣು ಮತ್ತು ಕ್ಯಾಮೆರಾ ಹಿಡಿದು ಹೋಗುವವರಿಗೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಎಂದರೆ ಕೊಲ್ಲುವುದಷ್ಟೇ ಅಲ್ಲ. ಪ್ರಾಣಿಯನ್ನು ಆ ಉದ್ದೇಶದಿಂದ ಅಟ್ಟುವುದು, ಆಮಿಷ ಇಟ್ಟು ಸೆಳೆಯುವುದು ಕೂಡ ಅದರೊಳಗೆ ಬರುತ್ತದೆ. ವಾಹನದಿಂದ ಇಳಿಯುವುದು, ಮೊಬೈಲಿನಲ್ಲಿ ಕೂಗು ಹಾಕಿ ಕರೆಯುವುದು, ರಾತ್ರಿ ಟಾರ್ಚ್ ಹಿಡಿದು ಹೋಗುವುದು ಇವೆಲ್ಲ ದೂರವೇ ಇರಲಿ. ಬೇಕಾಗುವ ಕೌಶಲ ಬೆನ್ನಟ್ಟುವುದಲ್ಲ. ಪ್ರಾಣಿ ಎಲ್ಲಿಗೆ, ಯಾವಾಗ ಬರುತ್ತದೆ ಎಂದು ಲೆಕ್ಕ ಹಾಕಿ ಅದಕ್ಕಿಂತ ಮೊದಲು ಅಲ್ಲಿ ಸುಮ್ಮನೆ ಕೂರುವುದು.

ಹಗಲಿನಲ್ಲಿ ಹುಲಿಗೆ ಇರುವುದು ನಾಲ್ಕು ಕೆಲಸ

ಹುಲಿ, ಚಿರತೆ ಬೇಟೆಯಾಡುವುದು ಹೆಚ್ಚಾಗಿ ಇರುಳಿನಲ್ಲಿ ಮತ್ತು ಇರುಳಿನ ಎರಡು ಅಂಚುಗಳಲ್ಲಿ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು, ಕಬಿನಿ ಕಡೆಯ ಕಾಡೂ ಸೇರಿರುವ ನಾಗರಹೊಳೆಯಲ್ಲಿ 1980ರ ದಶಕದಿಂದ ನಡೆಸಿದ ಅಧ್ಯಯನಗಳು ಹುಲಿ, ಚಿರತೆ, ಕೆನ್ನಾಯಿ ಮೂರೂ ಒಂದೇ ಕಾಡಿನಲ್ಲಿ ಹೇಗೆ ಹೊಂದಿಕೊಂಡು ಬಾಳುತ್ತವೆ ಎಂಬುದನ್ನು ವಿವರವಾಗಿ ತೋರಿಸಿವೆ. ಬೆಕ್ಕಿನ ಜಾತಿಯವು ಕತ್ತಲನ್ನು, ಮರೆಯನ್ನು ನೆಚ್ಚಿದರೆ ಕೆನ್ನಾಯಿ ಬೆಳಕಿನಲ್ಲಿ ಓಡಿಸಿ ಹಿಡಿಯುತ್ತದೆ. ಹಾಗಾಗಿ ಸಫಾರಿ ಜೀಪಿನಲ್ಲಿ ಕೂತವರಿಗೆ ಹುಲಿಯ ಬೇಟೆ ಕಾಣುವುದು ಅಪರೂಪ. ಅದನ್ನೇ ನಿರೀಕ್ಷಿಸಿಕೊಂಡು ಹೋದರೆ ಹೊತ್ತಿನ ಲೆಕ್ಕವೂ ತಪ್ಪುತ್ತದೆ.

ಹಗಲಿನಲ್ಲಿ ಹುಲಿ ಹೊರಗೆ ಕಾಣಿಸುವುದು ನಾಲ್ಕು ಕಾರಣಕ್ಕೆ. ರಾತ್ರಿ ತಿರುಗಾಟ ಮುಗಿಸಿ ಮಲಗುವ ಜಾಗಕ್ಕೆ ಹಿಂದಿರುಗುವಾಗ; ಗಡಿಯ ಮರಗಳಿಗೆ ಮೂತ್ರ ಸಿಂಪಡಿಸಿ, ನೆಲ ಕೆರೆದು ಗುರುತು ಹಾಕುವಾಗ; ನೀರಿಗೆ ಬಂದಾಗ; ಕೊಂದಿಟ್ಟ ಪ್ರಾಣಿಯ ಹತ್ತಿರ ಮರಳುವಾಗ. ಮೊದಲ ಎರಡು ಕೆಲಸ ನಸುಕಿನಿಂದ ಎಳೆಬಿಸಿಲಿನವರೆಗೆ ನಡೆಯುತ್ತವೆ. ನೀರಿನ ಕೆಲಸ ಸೆಕೆಯನ್ನು ಅವಲಂಬಿಸಿದ್ದು. ಕೊಂದ ಪ್ರಾಣಿಯ ಹತ್ತಿರ ಹುಲಿ ಎರಡು ಮೂರು ದಿನ, ಕಾಟಿ, ಅಂದರೆ ಕಾಡುಕೋಣದಂಥ ದೊಡ್ಡ ಪ್ರಾಣಿಯಾದರೆ ಇನ್ನೂ ಹೆಚ್ಚು ದಿನ ಇರುತ್ತದೆ. ಹೊಟ್ಟೆ ತುಂಬಿದಾಗ ಪಕ್ಕದ ಪೊದೆಯಲ್ಲಿ ಮಲಗಿ, ಬಿಸಿಲು ಇಳಿದ ಮೇಲೆ ಎದ್ದು ಬರುತ್ತದೆ. ನಿಮಗೆ ಸಿಕ್ಕಿರುವ ಸುಳಿವು ಈ ನಾಲ್ಕರಲ್ಲಿ ಯಾವುದಕ್ಕೆ ಸೇರಿದ್ದು ಎಂದು ಮೊದಲು ಗುರುತಿಸಿ. ಹೊತ್ತು ತಾನಾಗಿ ಗೊತ್ತಾಗುತ್ತದೆ.

ಗಡಿಯಾರ ಬಿಟ್ಟು ಸೂರ್ಯೋದಯ ನೋಡಿ

ಬೆಳಗಿನ ಸಫಾರಿ ಸಾಮಾನ್ಯವಾಗಿ ಆರು, ಆರೂವರೆಯ ಆಸುಪಾಸಿನಲ್ಲಿ ಹೊರಡುತ್ತದೆ. ಆ ಆರೂವರೆಗೆ ವರ್ಷವಿಡೀ ಒಂದೇ ಅರ್ಥವಿಲ್ಲ. ಕಬಿನಿಯ ಕಡೆ ಜನವರಿ ಕೊನೆಗೆ ಸೂರ್ಯ ಹುಟ್ಟುವುದು ಸುಮಾರು 6.50ಕ್ಕೆ. ಅಂದರೆ ಆರೂವರೆಗೆ ಗೇಟು ದಾಟಿದವರಿಗೆ ಸೂರ್ಯೋದಯಕ್ಕೂ ಮುಂಚಿನ ಇಪ್ಪತ್ತು ನಿಮಿಷ ಸಿಗುತ್ತದೆ. ಏಪ್ರಿಲ್ ಮಧ್ಯದಲ್ಲಿ ಸೂರ್ಯೋದಯ ಸುಮಾರು 6.10ಕ್ಕೆ, ಮೇ ಮೂರನೇ ವಾರಕ್ಕೆ ಇನ್ನೂ ಮುಂಚೆ, ಆರರ ಹೊತ್ತಿಗೇ. ಆಗ ಆರೂವರೆಗೆ ಒಳಗೆ ಹೋದರೆ ಅಂಚಿನ ಹೊತ್ತು ಆಗಲೇ ಕಳೆದಿರುತ್ತದೆ, ಒಂದು ಗಂಟೆಯಲ್ಲಿ ಬಿಸಿಲು ಚುರುಗುಟ್ಟುತ್ತದೆ. ಬೇಸಿಗೆಯ ಬೆಳಗಿನ ಸಫಾರಿಯಲ್ಲಿ ಏಳೂವರೆಯ ನಂತರ ಕಾಡು ಖಾಲಿ ಎನಿಸುವುದಕ್ಕೆ ಇದೇ ಕಾರಣ.

ಸಂಜೆಗೂ ಇದೇ ಲೆಕ್ಕ. ಡಿಸೆಂಬರ್ ಮಧ್ಯದಲ್ಲಿ ಸೂರ್ಯ ಮುಳುಗುವುದು ಸುಮಾರು ಆರಕ್ಕೆ. ಸಫಾರಿ ಮುಗಿಯುವ ಹೊತ್ತಿಗೆ ಕತ್ತಲು ಕವಿಯುತ್ತಿರುತ್ತದೆ, ಅಂದರೆ ಕೊನೆಯ ಅರ್ಧ ಗಂಟೆಗೆ ಬೆಲೆ ಬಹಳ. ಮೇ ತಿಂಗಳಲ್ಲಿ ಸೂರ್ಯ 6.40ರವರೆಗೆ ಇರುತ್ತಾನೆ, ನಿಮ್ಮ ವಾಹನ ಅದಕ್ಕೆ ಮುಂಚೆಯೇ ಗೇಟಿನಿಂದ ಹೊರಗಿರುತ್ತದೆ. ಹಾಗಾಗಿ ಮೇ ತಿಂಗಳಲ್ಲಿ ಮುಸ್ಸಂಜೆಯನ್ನು ನೆಚ್ಚಿ ಪ್ರಯೋಜನವಿಲ್ಲ, ನೀರನ್ನು ನೆಚ್ಚಬೇಕು.

ಹೊರಡುವ ಹಿಂದಿನ ದಿನ ಆ ಊರಿನ ಸೂರ್ಯೋದಯ, ಸೂರ್ಯಾಸ್ತದ ಸಮಯ ಬರೆದಿಟ್ಟುಕೊಳ್ಳಿ. ಪಂಚಾಂಗದಲ್ಲೂ ಸಿಗುತ್ತದೆ, ಮೊಬೈಲಿನಲ್ಲೂ ಸಿಗುತ್ತದೆ. ಸೂರ್ಯೋದಯಕ್ಕೆ ಅರ್ಧ ಗಂಟೆ ಮುಂಚಿನಿಂದ ಒಂದೂವರೆ ಗಂಟೆ ನಂತರದವರೆಗೆ ಒಂದು ಗೆರೆ, ಸೂರ್ಯಾಸ್ತಕ್ಕೆ ಒಂದೂವರೆ ಗಂಟೆ ಮುಂಚಿನಿಂದ ಗೇಟು ಮುಚ್ಚುವವರೆಗೆ ಇನ್ನೊಂದು ಗೆರೆ. ಸಫಾರಿಯ ಸಮಯ ಈ ಗೆರೆಗಳ ಮೇಲೆ ಎಷ್ಟು ಬೀಳುತ್ತದೆ ನೋಡಿ. ಬೆಳಗ್ಗೆಯೋ ಸಂಜೆಯೋ ಎಂಬುದು ಅಲ್ಲೇ ಅರ್ಧ ಇತ್ಯರ್ಥವಾಗುತ್ತದೆ.

ಮಾಗಿ, ಬೇಸಿಗೆ, ಮಳೆ

ಮಾಗಿ ಚಳಿಯಲ್ಲಿ, ಅಂದರೆ ಡಿಸೆಂಬರ್, ಜನವರಿಯಲ್ಲಿ, ಹುಲಿಗೆ ನೆರಳಿಗೆ ಓಡುವ ಅವಸರವಿಲ್ಲ. ಒಂಬತ್ತು ಗಂಟೆಯವರೆಗೂ ದಾರಿಯಲ್ಲಿ ನಡೆಯುತ್ತಿರಬಹುದು. ಇಬ್ಬನಿಗೆ ಒದ್ದೆಯಾದ ಹುಲ್ಲು ಬಿಟ್ಟು ಬಿಸಿಲು ಬಿದ್ದ ಮಣ್ಣಿನ ರಸ್ತೆಯಲ್ಲಿ ಹುಲಿ, ಚಿರತೆಗಳು ಮೈ ಕಾಯಿಸುತ್ತ ಕೂರುವುದು ಈ ಕಾಲದಲ್ಲೇ. ಹಾಗಾಗಿ ಮಂಜು ಕವಿದಿರುವ ಮೊದಲ ಮುಕ್ಕಾಲು ಗಂಟೆಯಲ್ಲಿ ಏನೂ ಕಾಣಲಿಲ್ಲವೆಂದು ಬೇಸರಪಡಬೇಡಿ. ಮಂಜು ಹರಿದು ಬಿಸಿಲು ನೆಲಕ್ಕೆ ತಾಗುವ ಏಳೂವರೆಯಿಂದ ಒಂಬತ್ತು ಈ ತಿಂಗಳುಗಳ ಚಿನ್ನದ ಹೊತ್ತು. ಪೂರ್ವಕ್ಕೆ ತೆರೆದುಕೊಂಡ ರಸ್ತೆಯ ತಿರುವು, ಹಡ್ಲಿನ ಅಂಚು (ನಾಗರಹೊಳೆಯ ಕಡೆ ಜೌಗು ಹುಲ್ಲುಬಯಲಿಗೆ ಹಡ್ಲು ಎನ್ನುತ್ತಾರೆ) ಮೊದಲು ಬಿಸಿಲು ಕಾಣುವ ಜಾಗಗಳು. ಅಂಥ ಜಾಗ ಎಲ್ಲಿವೆ ಎಂದು ಚಾಲಕರನ್ನು ಕೇಳಿ ತಿಳಿದುಕೊಳ್ಳಿ.

ಫೆಬ್ರವರಿ ಬರುತ್ತಿದ್ದಂತೆ ಎಲೆ ಉದುರಿ ಕಾಡಿನೊಳಗೆ ದೃಷ್ಟಿ ದೂರ ಹೋಗುತ್ತದೆ. ಇದರ ಇನ್ನೊಂದು ಲಾಭ ಕೆಲವರ ಗಮನಕ್ಕೆ ಬರುವುದಿಲ್ಲ. ತೇಗ, ಮತ್ತಿಯ ಒಣ ಎಲೆಗಳ ಮೇಲೆ ಕಾಲಿಟ್ಟರೆ ಹಪ್ಪಳ ಮುರಿದಂತೆ ಸದ್ದಾಗುತ್ತದೆ. ಸದ್ದಿಲ್ಲದೆ ನಡೆಯಬೇಕಾದ ಪ್ರಾಣಿಗೆ ಧೂಳು ತುಂಬಿದ ಜೀಪ್ ರಸ್ತೆ, ಕಾಳ್ಗಿಚ್ಚು ತಡೆಯುವ ಬೆಂಕಿ ರೇಖೆಗಾಗಿ ಗುಡಿಸಿದ ಪಟ್ಟಿ ಅನುಕೂಲ. ಈ ಕಾಲದ ಬೆಳಗಿನ ಮೊದಲ ಗಂಟೆಯಲ್ಲಿ ರಸ್ತೆಯನ್ನೇ ನೋಡಿ, ಪೊದೆಯನ್ನಲ್ಲ.

ಮಾರ್ಚ್‌ನಿಂದ ಮೇವರೆಗೆ ಲೆಕ್ಕವೆಲ್ಲ ನೀರಿನದು. ಕಬಿನಿ ನದಿಯ ಬೀಚನಹಳ್ಳಿ ಅಣೆಕಟ್ಟಿನ ಹಿನ್ನೀರು ಇಳಿದು ಹಸಿರು ಹುಲ್ಲಿನ ಬಯಲು ತೆರೆಯುತ್ತದೆ. ಆನೆ, ಕಾಟಿ, ಚುಕ್ಕೆ ಜಿಂಕೆ ಎಲ್ಲ ಅಲ್ಲಿಗೆ ಇಳಿಯುತ್ತವೆ. ಒಳಗಿನ ಸಣ್ಣ ಕಟ್ಟೆಗಳಲ್ಲಿ ಒಂದೊಂದಾಗಿ ನೀರು ಬತ್ತುತ್ತದೆ. ಉಳಿದ ಕೆರೆಗಳಿಗೆ ಹುಲಿ ಕುಡಿಯಲು ಮಾತ್ರವಲ್ಲ, ಮೈ ತಂಪು ಮಾಡಿಕೊಳ್ಳಲೂ ಬರುತ್ತದೆ. ಹಿಮ್ಮುಖವಾಗಿ ಇಳಿದು ಸೊಂಟದವರೆಗೆ ಮುಳುಗಿ ಗಂಟೆಗಟ್ಟಲೆ ಕೂರುವುದುಂಟು. ಸೆಕೆ ತಾರಕಕ್ಕೇರುವುದು ಎರಡರಿಂದ ಮೂರೂವರೆಯ ನಡುವೆ. ಅಂದರೆ ಮಧ್ಯಾಹ್ನದ ಸಫಾರಿಯ ಮೊದಲ ಒಂದೂವರೆ ಗಂಟೆಯನ್ನು ನೀರಿನ ಬಳಿ ಕಳೆಯಬೇಕು. ಬಹಳ ವಾಹನಗಳು ಮಾಡುವುದು ಇದಕ್ಕೆ ತದ್ವಿರುದ್ಧ: ಬಿಸಿಲಲ್ಲಿ ಸುತ್ತಾಡಿ, ಐದು ಗಂಟೆಗೆ ಕೆರೆಗೆ ಬರುತ್ತವೆ. ಅಷ್ಟು ಹೊತ್ತಿಗೆ ಹುಲಿ ಎದ್ದು ಹೊರಟಿರಬಹುದು.

ಕೆರೆಯ ಬಳಿ ಕಡಿಮೆಯೆಂದರೆ ನಲವತ್ತು ನಿಮಿಷ, ಎಂಜಿನ್ ಆಫ್ ಮಾಡಿ. ಹತ್ತು ನಿಮಿಷ ನೋಡಿ ಹೊರಡುವುದಾದರೆ ನಿಲ್ಲುವುದೇ ಬೇಡ, ಏಕೆಂದರೆ ವಾಹನದ ಸದ್ದಿಗೆ ಪೊದೆಯಲ್ಲೇ ನಿಂತ ಪ್ರಾಣಿ ಸದ್ದು ಅಡಗಿ ಎಷ್ಟೋ ಹೊತ್ತಾದ ಮೇಲೆ ಮುಂದಿನ ಹೆಜ್ಜೆ ಇಡುತ್ತದೆ.

ಏಪ್ರಿಲ್, ಮೇ ತಿಂಗಳ ಅಶ್ವಿನಿ, ಭರಣಿ ಮಳೆ ಬಿದ್ದರೆ ಈ ಲೆಕ್ಕ ಒಂದೇ ರಾತ್ರಿಯಲ್ಲಿ ಕೆಡುತ್ತದೆ. ಹಳ್ಳ, ಗುಂಡಿ, ವಾಹನದ ಗಾಲಿ ಕೊರೆದ ಕುಳಿಗಳಲ್ಲೂ ನೀರು ನಿಂತು ಪ್ರಾಣಿಗಳು ಚೆದುರಿಹೋಗುತ್ತವೆ. ಮಳೆ ಬಂದ ಮೇಲೆ ಕೆಲ ದಿನ ಕೆರೆ ಕಾಯುವುದು ವ್ಯರ್ಥ. ಬದಲಿಗೆ ಮಳೆ ನಿಂತ ತಕ್ಷಣದ ಒಂದೆರಡು ಗಂಟೆ, ಅದು ಬೆಳಗ್ಗೆಯಾಗಲಿ ಮಧ್ಯಾಹ್ನವಾಗಲಿ, ರಸ್ತೆ ಹಿಡಿಯಿರಿ. ಹನಿ ತೊಟ್ಟಿಕ್ಕುವ ಲಂಟಾನ ಪೊದೆಯಿಂದ ಹುಲಿ ಬಯಲಿಗೆ ಬರುತ್ತದೆ, ಮಳೆ ತೊಳೆದ ಗಡಿಯ ವಾಸನೆಯನ್ನು ಮತ್ತೆ ಹಾಕುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೂ ಇದೇ ಸೂತ್ರ. ಮೋಡ ಕವಿದ ದಿನ ಬೆಳಗು, ಮಧ್ಯಾಹ್ನದ ವ್ಯತ್ಯಾಸವೇ ಕಡಿಮೆ.

ಚಿರತೆ ಮತ್ತು ಕೆನ್ನಾಯಿ

ಹುಲಿ ದಟ್ಟವಾಗಿರುವ ಕಾಡಿನಲ್ಲಿ ಚಿರತೆ ಹುಲಿಯನ್ನು ತಪ್ಪಿಸಿಕೊಂಡು ಬದುಕಬೇಕು. ಅದಕ್ಕೆ ಮರವೇ ಆಸರೆ. ಹಾಗಾಗಿ ಬೆಳಗ್ಗೆ ಎಂಟರ ನಂತರ ಮತ್ತು ಮಧ್ಯಾಹ್ನ ಮೂರರಿಂದ ನಾಲ್ಕೂವರೆ ಚಿರತೆ ಹುಡುಕಲು ಒಳ್ಳೆಯದು. ಆಗ ಅದು ಅಡ್ಡಕೊಂಬೆಯ ಮೇಲೆ ಕಾಲು ಇಳಿಬಿಟ್ಟು ಮಲಗಿರುತ್ತದೆ. ನೆಲ ಒದ್ದೆಯಾಗಿರುವ ಮಳೆಗಾಲದಲ್ಲಂತೂ ಇನ್ನೂ ಹೆಚ್ಚು. ನೋಡಬೇಕಾದದ್ದು ಎಲೆಯ ಗುಂಪನ್ನಲ್ಲ. ನೆಲದಿಂದ ನಾಲ್ಕಾರು ಮೀಟರ್ ಮೇಲಿನ ದಪ್ಪ ಕೊಂಬೆಯ ಕವಲನ್ನು, ಅದರ ಕೆಳಗೆ ತೂಗುವ ಬಾಲವನ್ನು. ಕರಿಮತ್ತಿ ಮರದ ಬಿರುಕು ತೊಗಟೆಯಲ್ಲಿ ಚುಕ್ಕೆ ಕರಗಿಹೋಗುತ್ತದೆ, ಬಾಲದ ನೇರ ಗೆರೆ ಕರಗುವುದಿಲ್ಲ. ಸೂರ್ಯ ಇಳಿಯಲು ಅರ್ಧ ಗಂಟೆ ಇರುವಾಗ ಅದು ಆಕಳಿಸಿ, ಮೈ ಮುರಿದು, ಕೆಳಗಿಳಿಯುತ್ತದೆ. ಮರದ ಮೇಲೆ ಚಿರತೆ ಸಿಕ್ಕಿದ್ದರೆ ಇಳಿಯುವ ಹೊತ್ತಿಗೆ ಮರಳಿ ಬನ್ನಿ ಎಂದು ಚಾಲಕರನ್ನು ಕೇಳುವುದು ಜಾಣತನ. ಕಬಿನಿಯ ಕರಿಚಿರತೆಯ ಹೆಸರು ಕೇಳಿ ಅದೊಂದನ್ನೇ ಅರಸಿ ಬರುವವರು ಬಹಳ. ಒಂದೆರಡು ಸಫಾರಿಯಲ್ಲಿ ಅದಕ್ಕೆ ಪಣತೊಟ್ಟರೆ ಉಳಿದದ್ದೆಲ್ಲ ಕೈತಪ್ಪುತ್ತದೆ.

ಕೆನ್ನಾಯಿಗೆ ಬೆಳಕು ಬೇಕು. ಬೆಳಗಾದೊಡನೆ ಗುಂಪು ಒಟ್ಟುಗೂಡಿ, ಒಂದಕ್ಕೊಂದು ಮೈ ಉಜ್ಜಿ ಆಟವಾಡಿ, ಹೊರಡುತ್ತದೆ. ಎಂಟೂವರೆಯೊಳಗೆ ಬೇಟೆ ಮುಗಿದಿರುವುದೇ ಹೆಚ್ಚು. ಸಂಜೆ ನಾಲ್ಕೂವರೆಯ ನಂತರ ಇನ್ನೊಂದು ಸುತ್ತು. ಕೊಂದದ್ದನ್ನು ಬಹಳ ಬೇಗ ತಿಂದು ಮುಗಿಸುತ್ತವೆ. ಹುಲಿಯ ಹಾಗೆ ನಾಳೆ ಬಂದು ನೋಡೋಣ ಎನ್ನುವಂತಿಲ್ಲ. ಕೆನ್ನಾಯಿ ಕಂಡರೆ ಅಲ್ಲೇ ನಿಲ್ಲಿ. ಹಿನ್ನೀರಿನ ಬದಿಯಲ್ಲಿ ಜಿಂಕೆ ನೀರಿಗೆ ಹಾರಿ ಎದೆಮಟ್ಟದಲ್ಲಿ ಅಲುಗಾಡದೆ ನಿಂತಿದ್ದರೆ ದಡದ ಹುಲ್ಲಿನಲ್ಲಿ ಕೆನ್ನಾಯಿ ಹುಡುಕಿ. ನವೆಂಬರ್‌ನಿಂದ ಮಾರ್ಚ್‌ವರೆಗೆ ಮರಿ ಹಾಕುವ ಕಾಲ. ಆಗ ಗುಂಪು ಬಿಲದ ಸುತ್ತಮುತ್ತಲೇ ತಿರುಗುವುದರಿಂದ ನಿನ್ನೆ ಕಂಡ ಜಾಗದಲ್ಲಿ ಇವತ್ತೂ ಕಾಣುವ ಸಾಧ್ಯತೆ ಹೆಚ್ಚು. ಬಿಲದ ಹತ್ತಿರ ಮಾತ್ರ ವಾಹನ ನಿಲ್ಲಿಸುವುದು ಬೇಡ. ಕಾಟ ಹೆಚ್ಚಾದರೆ ತಾಯಿ ಮರಿಗಳನ್ನು ಬೇರೆಡೆಗೆ ಸಾಗಿಸುತ್ತದೆ, ದಾರಿಯಲ್ಲಿ ಮರಿ ಕಳೆದುಕೊಳ್ಳುವ ಅಪಾಯವಿದೆ.

ಬೆಳಗಿನ ಮೊದಲ ವಾಹನಕ್ಕೆ ಸಿಗುವ ಪತ್ರಿಕೆ

ರಾತ್ರಿ ಏನೇನು ನಡೆಯಿತೆಂಬುದು ಧೂಳಿನ ರಸ್ತೆಯಲ್ಲಿ ಬರೆದಿರುತ್ತದೆ. ಮೊದಲ ವಾಹನ ಅದನ್ನು ಓದುತ್ತದೆ, ಎರಡನೆಯದು ಅಳಿಸಿಹಾಕುತ್ತದೆ. ಹಾಗಾಗಿ ಗೇಟಿನಲ್ಲಿ ಮುಂದೆ ನಿಲ್ಲುವುದಕ್ಕೆ ಅರ್ಥವಿದೆ.

ಹೆಜ್ಜೆ ಗುರುತು ಹಿಂದಿನ ಸಂಜೆಯ ಟೈರ್ ಅಚ್ಚಿನ ಮೇಲಿದ್ದರೆ ರಾತ್ರಿಯದು. ಟೈರ್ ಅಚ್ಚು ಹೆಜ್ಜೆಯ ಮೇಲಿದ್ದರೆ ಹಳೆಯದು, ಮರೆತುಬಿಡಿ. ಹೆಜ್ಜೆಯೊಳಗೆ ಇಬ್ಬನಿ ಹನಿ ಬಿದ್ದ ಸಣ್ಣ ಚುಕ್ಕೆಗಳಿದ್ದರೆ, ಹುಳ ಹರಿದ ಗೆರೆಯಿದ್ದರೆ, ಹುಲಿ ನಡುರಾತ್ರಿಯಲ್ಲೇ ದಾಟಿಹೋಗಿದೆ. ಅಂಚು ಚೂಪಾಗಿ, ಒಳಗೆ ನಯವಾಗಿದ್ದರೆ ಹೆಚ್ಚು ಹೊತ್ತಾಗಿಲ್ಲ. ಆಗ ಹಿಂದೆಯೇ ಓಡಿಸುವುದು ದೊಡ್ಡ ತಪ್ಪು. ಹುಲಿ ಆರಾಮಾಗಿ ನಡೆದರೆ ಗಂಟೆಗೆ ಮೂರು ನಾಲ್ಕು ಕಿಲೋಮೀಟರ್ ಸಾಗುತ್ತದೆ. ಕಾಲು ಗಂಟೆ ಹಿಂದಿನ ಹೆಜ್ಜೆಯಾದರೆ ಅದು ಮುಕ್ಕಾಲು, ಒಂದು ಕಿಲೋಮೀಟರ್ ಮುಂದಿದೆ. ಅದೇ ದಿಕ್ಕಿನಲ್ಲಿ ಮುಂದಿನ ರಸ್ತೆ ಕೂಡುವ ಜಾಗ ಅಥವಾ ನೀರು ಎಲ್ಲಿದೆ ಎಂದು ಚಾಲಕರೊಡನೆ ಲೆಕ್ಕ ಹಾಕಿ, ಬೇರೆ ದಾರಿಯಲ್ಲಿ ಬಳಸಿ ಹೋಗಿ, ಅಲ್ಲಿ ಎಂಜಿನ್ ನಿಲ್ಲಿಸಿ ಕಾಯಿರಿ. ಹೆಜ್ಜೆ ರಸ್ತೆಯಿಂದ ಒಳಗೆ ಇಳಿದಿದ್ದರೆ ಮತ್ತು ಗಂಟೆ ಎಂಟೂವರೆ ಆಗಿದ್ದರೆ ಅದು ಮಲಗಲು ಹೋಗಿದೆ. ಆ ಜಾಗವನ್ನು ನೆನಪಿಟ್ಟುಕೊಂಡು ಸಂಜೆಯ ಸಫಾರಿಯಲ್ಲಿ ಅದಕ್ಕೆ ಹತ್ತಿರದ ನೀರಿನಿಂದ ಶುರುಮಾಡಿ.

ಕೂಗು ಕೇಳಿದಾಗ

ಎಲ್ಲ ಎಚ್ಚರಿಕೆ ಕೂಗಿಗೂ ಒಂದೇ ಬೆಲೆಯಿಲ್ಲ. ಚುಕ್ಕೆ ಜಿಂಕೆ ಒಂದು ಸಲ ‘ಕೂಂಯ್’ ಎಂದು ಸುಮ್ಮನಾದರೆ ಅದು ನರಿ ಕಂಡಿರಬಹುದು, ಪಕ್ಕದ ಜಿಂಕೆಗೇ ಬೆದರಿರಬಹುದು. ಗುಂಪಿನ ಎಲ್ಲ ಮುಖವೂ ಒಂದೇ ಕಡೆಗಿದ್ದು, ಬಾಲವೆತ್ತಿ, ಮುಂಗಾಲು ನೆಲಕ್ಕೆ ಬಡಿಯುತ್ತ ಬಿಡದೆ ಕೂಗಿದರೆ ನಂಬಿ. ಮುಸುವ (ಕಪ್ಪು ಮುಖದ, ಉದ್ದ ಬಾಲದ ಕೋತಿ) ಮರದ ತುದಿಯಿಂದ ಕೆಮ್ಮಿದಂತೆ ‘ಖಕ್ ಖಕ್’ ಎಂದರೆ ಅದಕ್ಕೆ ಪ್ರಾಣಿ ಕಣ್ಣಿಗೇ ಕಾಣುತ್ತಿದೆ, ಅದು ನೋಡುವ ದಿಕ್ಕನ್ನು ನೋಡಿ. ಕಡವೆ ‘ಪೋಂಕ್’ ಎಂದು ಕೂಗಿದರೆ ಇನ್ನೂ ಗಟ್ಟಿ. ಕಡವೆ ಸುಮ್ಮಸುಮ್ಮನೆ ಕೂಗುವ ಪ್ರಾಣಿಯಲ್ಲ.

ಹೊತ್ತೂ ಇಲ್ಲಿ ಸಹಾಯಕ್ಕೆ ಬರುತ್ತದೆ. ಏರುಬಿಸಿಲಿನಲ್ಲಿ ಮುಸುವಗಳು ಮಾತ್ರ ಕೂಗುತ್ತಿದ್ದರೆ ಚಿರತೆಯಿರುವ ಸಾಧ್ಯತೆ ಹೆಚ್ಚು. ಕೂಗು ಜಾಗ ಬದಲಿಸುತ್ತ ಸಾಗಿದರೆ ಪ್ರಾಣಿ ನಡೆಯುತ್ತಿದೆ, ಅದರ ಮುಂದಿನ ರಸ್ತೆಗೆ ಹೋಗಿ. ಒಂದೇ ಕಡೆ ಕೂಗಿ ನಿಂತರೆ ಅದು ಮಲಗಿದೆ ಅಥವಾ ಮರೆಯಾಗಿದೆ. ಇಪ್ಪತ್ತು ನಿಮಿಷ ಕಾದು ಮತ್ತೆ ಕೂಗು ಬರದಿದ್ದರೆ ಬೆಳಗ್ಗೆಯಾದರೆ ಹೊರಡಿ, ಸಂಜೆಯಾದರೆ ಕೂತಿರಿ. ಬೆಳಗ್ಗೆ ಮಲಗಿದ್ದು ಏಳುವುದಿಲ್ಲ, ಸಂಜೆ ಮಲಗಿದ್ದು ಏಳುತ್ತದೆ. ಗಾಳಿ ಜೋರಾಗಿರುವ ಮಧ್ಯಾಹ್ನ ಕೂಗನ್ನು ನೆಚ್ಚಬೇಡಿ. ಅರ್ಧ ಕಿಲೋಮೀಟರ್ ಆಚೆಯದು ಕಿವಿಗೆ ಬೀಳುವುದಿಲ್ಲ.

‘ಅಲ್ಲಿ ಹುಲಿ ಕಂಡಿದೆ’ ಎಂಬ ಸುದ್ದಿ ಬಂದೊಡನೆ ಧೂಳೆಬ್ಬಿಸಿ ಓಡಬೇಡಿ. ಐದಾರು ಕಿಲೋಮೀಟರ್ ಓಡಿ ಮುಟ್ಟುವ ಹೊತ್ತಿಗೆ ಪ್ರಾಣಿ ರಸ್ತೆ ದಾಟಿರುತ್ತದೆ, ಉಳಿದದ್ದು ಹತ್ತು ವಾಹನಗಳ ಸಾಲು. ಹುಲಿ ನೀರಿನಲ್ಲಿ ಕೂತಿದೆ, ಚಿರತೆ ಮರದ ಮೇಲಿದೆ ಎಂದರೆ ಹೋಗಿ. ನಡೆಯುತ್ತಿದೆ ಎಂದರೆ ನಿಮ್ಮ ಜಾಗ ಬಿಡಬೇಡಿ. ಕಂಡಾಗಲೂ ದಾರಿ ಕಟ್ಟಬಾರದು. ಹುಲಿ ನಿಂತು ಕಿವಿ ಹಿಂದಕ್ಕೆ ಒತ್ತಿದರೆ, ಬಾಲ ಬಡಿದರೆ, ಹಿಂದೆ ಸರಿಯುವ ಸರದಿ ನಿಮ್ಮದು.

ಬೆಳಕು ಮತ್ತು ಕ್ಯಾಮೆರಾ

ಪ್ರಾಣಿಗೆ ಒಳ್ಳೆಯ ಹೊತ್ತು ಕ್ಯಾಮೆರಾಗೆ ಕಷ್ಟದ ಹೊತ್ತು. ಸೂರ್ಯೋದಯಕ್ಕೆ ಮುಂಚೆ, ಮರದಡಿಯಲ್ಲಿ, ಎಫ್ 5.6 ಲೆನ್ಸಿನಲ್ಲಿ ಐಎಸ್ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ) 6400 ಇಡಲು ಹಿಂಜರಿಯಬೇಡಿ. ಚಿತ್ರದಲ್ಲಿ ಕಾಳು ಕಂಡರೂ ಸರಿ, ಅಲುಗಿದ ಹುಲಿ ಯಾವುದಕ್ಕೂ ಆಗದು. ಷಟರ್ ವೇಗ ನಡೆಯುವ ಹುಲಿಗೆ ಕನಿಷ್ಠ 1/500 ಸೆಕೆಂಡ್, ಕೂತ ಪ್ರಾಣಿಗೆ ಬೀನ್ ಬ್ಯಾಗ್ (ಲೆನ್ಸಿಗೆ ಆಸರೆಯಾಗುವ ಚೀಲ) ಇದ್ದರೆ 1/125 ಸಾಕು, ಓಡುವ ಕೆನ್ನಾಯಿಗೆ 1/1600. ಮಂಜಿನಲ್ಲಿ ಆಟೋಫೋಕಸ್ ಹಿಂದೆ ಮುಂದೆ ಓಡಾಡಿ ಸೋಲುತ್ತದೆ. ನಡುವಿನ ಒಂದೇ ಬಿಂದು ಆರಿಸಿ, ಹುಲಿಯ ಪಟ್ಟೆಯ ಅಂಚಿಗೆ ಹಿಡಿಯಿರಿ. ಎಸಿ ಕೋಣೆಯಿಂದ ಹೊರತಂದ ಲೆನ್ಸಿಗೆ ಮಳೆಗಾಲದಲ್ಲಿ ಹಬೆ ಕಟ್ಟಿ ಮೊದಲ ಹತ್ತಿಪ್ಪತ್ತು ನಿಮಿಷ ಹಾಳಾಗುತ್ತದೆ. ಹೊರಡುವ ಅರ್ಧ ಗಂಟೆ ಮುಂಚೆ ಬ್ಯಾಗನ್ನು ವರಾಂಡಕ್ಕೆ ತಂದಿಡಿ.

ಕಾದಿರಿಸುವಾಗ

ಒಂದೇ ಸಫಾರಿಗಾಗಿ ಅಷ್ಟು ದೂರ ಹೋಗುವ ಬದಲು ಸಂಜೆ, ಮರುಬೆಳಗ್ಗೆ, ಮರುಸಂಜೆ ಹೀಗೆ ಮೂರನ್ನು ಜೋಡಿಸಿ. ಸಂಜೆ ಕಂಡ ಹೆಜ್ಜೆ, ಕೇಳಿದ ಕೂಗು ಮರುಬೆಳಗ್ಗೆಗೆ ಉಪಯೋಗಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಎರಡೇ ಸಿಗುವುದಾದರೆ ಎರಡು ಮಧ್ಯಾಹ್ನ ತೆಗೆದುಕೊಳ್ಳಿ. ಚಳಿಗಾಲದಲ್ಲಿ ಎರಡು ಬೆಳಗ್ಗೆ. ಬಂಡೀಪುರದ ಮೂಲಕ ಹಾದುಹೋಗುವ ಹೆದ್ದಾರಿಗಳಲ್ಲಿ 2009ರಿಂದ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿಷೇಧವಿದೆ. ಕೇರಳ, ಊಟಿ ಕಡೆಯಿಂದ ಬರುವವರು ಬೆಳಗಿನ ಸಫಾರಿ ಹಿಡಿಯಬೇಕಾದರೆ ಹಿಂದಿನ ರಾತ್ರಿಯೇ ಈಚೆ ಬಂದು ತಂಗಬೇಕು. ಬೆಂಕಿಯ ಭಯ, ಕಾಡಂಚಿನ ಊರುಗಳಲ್ಲಿ ಹುಲಿ ದಾಳಿ ಮುಂತಾದ ಕಾರಣಕ್ಕೆ ಇಲಾಖೆ ಸಫಾರಿ ನಿಲ್ಲಿಸುವುದೂ ಉಂಟು. ಹಣ ಕಟ್ಟುವ ಮುಂಚೆ, ಮತ್ತೆ ಹೊರಡುವ ಹಿಂದಿನ ದಿನ, ಎರಡು ಸಲ ವಿಚಾರಿಸಿ. ಗೇಟಿಗೆ ಹೊರಡುವ ಸಮಯಕ್ಕಿಂತ ಅರ್ಧ ಗಂಟೆ ಮೊದಲೇ ತಲುಪಿ, ಹಿಂದಿನ ಸಫಾರಿಯಿಂದ ಬಂದ ಚಾಲಕರನ್ನು ಮಾತಾಡಿಸಿ: ಎಲ್ಲಿ ಕೂಗಿತ್ತು, ಯಾವ ಕೆರೆಯಲ್ಲಿ ನೀರಿದೆ, ಕೊನೆಯ ಮಳೆ ಯಾವತ್ತು.